ಹನ್ನೊಂದು ವರ್ಷದ ಲವಂಗ

ಡಾಕ್ಟರ ಮೂಗು ಹೋಯಿತು ಎಂಬ ಸುದ್ದಿ ಮೊದಲು ತಿಳಿದದ್ದು ಅವರ ಹೆಂಡತಿಗೆ. ಅದು ಎಲ್ಲಿಗೂ ಹೋಗಿಲ್ಲ ಎಂಬುದೂ ಆಕೆಯೊಬ್ಬರಿಗೇ ಗೊತ್ತಿತ್ತು. ಹೇಳುವುದೋ ನುಂಗಿಕೊಳ್ಳುವುದೋ ತಿಳಿಯದೆ ಆಕೆ ಮೂರು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಡಾಕ್ಟರು ಅಂದರೆ ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯಲ್ಲೇ ಕ್ಲಿನಿಕ್ಕು. ಮೂವತ್ತೆಂಟು ವರ್ಷ ಊರವರ ಬಾಯೊಳಗೆ ಇಣುಕಿದ ಮೇಲೆ ಕೈ ಸ್ವಲ್ಪ ನಡುಗತೊಡಗಿತು. ಹಲ್ಲು ಕೀಳಲು ಬಂದವರು ನಡುಗಿದರೆ ಸರಿ, ಕೀಳುವವರೇ ನಡುಗಬಾರದು ಎಂದು ಅವರೇ ತೀರ್ಮಾನಿಸಿ ಅಂಗಡಿ ಮುಚ್ಚಿದರು. ಕುರ್ಚಿ, ದೀಪ, ಔಷಧಿಯ ಬೀರು ಎಲ್ಲವೂ ಹೊಸದಾಗಿ ಓದಿ ಬಂದ ಇನ್ನೊಬ್ಬ ಡಾಕ್ಟರ ಪಾಲಾದವು.

ಹೆಂಡತಿಯನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ಆಕೆಗಿಂತ ಹತ್ತು ವರ್ಷ ದೊಡ್ಡವರಾದ ಜಡ್ಜ್ ಸಾಹೇಬರೂ ಹಾಗೇ ಕರೆಯುತ್ತಿದ್ದರು. ಅತ್ತಿಗೆ ಎಂದುಬಿಟ್ಟರೆ ಎರಡನೆಯ ಸಲ ಬಡಿಸಿಕೊಳ್ಳಲು ಸಂಕೋಚವಿರುವುದಿಲ್ಲ. ನಾವೂ ಅತ್ತಿಗೆ ಎಂದೇ ಕರೆಯೋಣ.

ಇಷ್ಟೆಲ್ಲ ಜನ ಆ ಮನೆಗೆ ಬರುತ್ತಿದ್ದುದು ರಸಜ್ಞರ ಕೂಟಕ್ಕೆ. ಇಷ್ಟೆಲ್ಲ ಎಂದರೆ ನಾಲ್ಕೇ ಜನ. ಡಾಕ್ಟರು ಅಧ್ಯಕ್ಷರು, ನಿವೃತ್ತ ಜಡ್ಜ್ ಸಾಹೇಬರು ಉಪಾಧ್ಯಕ್ಷರು, ಪ್ರೆಸ್ ಇಟ್ಟುಕೊಂಡಿದ್ದವರು ಕಾರ್ಯದರ್ಶಿ, ಗಣಿತದ ಮೇಷ್ಟ್ರು ಖಜಾಂಚಿ. ಬರೀ ಸದಸ್ಯ ಎನ್ನುವವರು ಯಾರೂ ಇರಲಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸೇರುವುದು, ಮೂರು ಬಾಟಲಿ ತೆರೆಯುವುದು, ಮೂಸುವುದು, ಬಾಯಲ್ಲಿ ಹೊರಳಿಸುವುದು, ಉಗುಳುವುದು, ಬರೆಯುವುದು. ಮೊದಲು ತೆಳುವಾದ ಕೆಂಪು ವೈನು, ಆಮೇಲೆ ಒಗರಿನ ಗಟ್ಟಿ ಕೆಂಪು, ಕೊನೆಗೆ ಪೋರ್ಟು. ಪೋರ್ಟು ಅಂದರೆ ದ್ರಾಕ್ಷಿ ರಸ ಇನ್ನೂ ಹುದುಗುತ್ತಿರುವಾಗಲೇ ಬ್ರಾಂದಿ ಸುರಿದು, ಹುದುಗನ್ನು ಅಲ್ಲೇ ನಿಲ್ಲಿಸಿ, ಸಿಹಿಯನ್ನು ಒಳಗೇ ಉಳಿಸಿಕೊಂಡ ವೈನು. ಉಗುಳುವುದಕ್ಕೆ ಕ್ಲಿನಿಕ್ಕಿನ ಸ್ಟೀಲು ಬಟ್ಟಲುಗಳಿದ್ದವು. ವಾರವೆಲ್ಲ ಹಲ್ಲುನೋವಿನವರು ಉಗುಳಿದ ಬಟ್ಟಲಿಗೆ ಭಾನುವಾರ ರಸಜ್ಞರು ಉಗುಳುತ್ತಿದ್ದರು. ತೊಳೆಯುತ್ತಿದ್ದುದು ಮಾತ್ರ ಒಬ್ಬರೇ.

ಅಡುಗೆಯೂ ಅವರದೇ. ಅತ್ತಿಗೆ ಒಂದು ತೊಟ್ಟೂ ಕುಡಿದವರಲ್ಲ. ಬೇಡ ಎಂದಿದ್ದರಿಂದಲ್ಲ, ಬೇಕಾ ಎಂದು ಯಾರೂ ಕೇಳಿರಲಿಲ್ಲ. ಆದರೂ ಯಾವ ವೈನಿಗೆ ಏನು ಬೇಕು ಎಂಬುದು ಅವರಿಗೆ ಬೆರಳ ತುದಿಯಲ್ಲಿತ್ತು. ಒಗರಿಗೆ ಕೊಬ್ಬು, ಹುಳಿಗೆ ಹುಳಿ, ಸಿಹಿಗೆ ಉಪ್ಪು. ತೆಳು ವೈನಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಗಟ್ಟಿ ವೈನಿಗೆ ಸಣ್ಣ ಉರಿಯಲ್ಲಿ ಬೆಂದ ಕುರಿ ಮಾಂಸ, ಪೋರ್ಟಿಗೆ ನೀಲಿ ಗೆರೆಯ ಉಪ್ಪು ಚೀಸು, ಅಕ್ರೋಟು, ಕಹಿ ಚಾಕೊಲೇಟು. ತಟ್ಟೆ ಖಾಲಿಯಾಗಿ ಬಂದರೆ ಜೋಡಿ ಕೂಡಿತು, ಬದಿಯಲ್ಲಿ ಉಳಿದರೆ ಕೂಡಲಿಲ್ಲ. ಹನ್ನೊಂದು ವರ್ಷ ಅವರು ವೈನನ್ನು ತಿಳಿದುಕೊಂಡದ್ದು ತೊಳೆಯಲು ಬಂದ ತಟ್ಟೆಗಳಿಂದ.

ಕೂಟದ ಹೆಗ್ಗಳಿಕೆ ಅಂದರೆ ಲವಂಗ. ಬೇರೆ ಊರಿನ ರಸಜ್ಞರು ವೈನಿನಲ್ಲಿ ಏನೇನೋ ಕಂಡುಕೊಳ್ಳುತ್ತಾರೆ: ಚೆರ್ರಿ, ಹೊಗೆಸೊಪ್ಪು, ಚರ್ಮದ ಚೀಲ, ಮಳೆ ಬಿದ್ದ ಕಲ್ಲು. ನಮ್ಮವರಿಗೆ ಮೊದಲ ಭಾನುವಾರದಿಂದಲೂ, ಅಗ್ಗದ ಬಾಟಲಿಯಿಂದ ಹಿಡಿದು ಅಪರೂಪದ ಬಾಟಲಿಯವರೆಗೆ, ಎಲ್ಲದರ ತಳದಲ್ಲೂ ಲವಂಗ ಸಿಕ್ಕಿತು. ಮರದ ಪೀಪಾಯಿಯಲ್ಲಿ ಇಟ್ಟ ವೈನಿಗೆ ಲವಂಗದ ಛಾಯೆ ಬರುವುದುಂಟು ಎಂದು ಪುಸ್ತಕಗಳೂ ಹೇಳುತ್ತವೆ. ಆದರೆ ಪೀಪಾಯಿಯ ಮುಖವನ್ನೇ ನೋಡದ ವೈನಿನಲ್ಲೂ ಅದನ್ನು ಹಿಡಿದದ್ದು ಡಾಕ್ಟರ ಮೂಗಿನ ಸೂಕ್ಷ್ಮ. "ದೂರದ ಲವಂಗ" ಎಂದು ಒಮ್ಮೆ ಬರೆದರು, "ಸಂಕೋಚದ ಲವಂಗ" ಎಂದು ಇನ್ನೊಮ್ಮೆ. ಉಳಿದ ಮೂವರೂ ಮೂಸಿ ನೋಡಿ ಹೌದೆನ್ನುತ್ತಿದ್ದರು, ಅದೂ ಮುಖಸ್ತುತಿಗಲ್ಲ. ಲವಂಗ ನಿಜವಾಗಿಯೂ ಇತ್ತು.

ಇದ್ದದ್ದು ಗ್ಲಾಸಿನಲ್ಲಿ.

ಕೂಟ ಶುರುವಾದಾಗ ಡಾಕ್ಟರು ಹನ್ನೆರಡು ತೆಳು ಗಾಜಿನ ಗ್ಲಾಸು ತರಿಸಿದರು. ಅಡುಗೆಮನೆಯ ಕಪಾಟಿನಲ್ಲಿಟ್ಟರೆ ಈರುಳ್ಳಿ ವಾಸನೆ ಹತ್ತುತ್ತದೆ ಎಂದು, ಊರಲ್ಲೇ ಶುದ್ಧವಾದ ಜಾಗ ಯಾವುದೆಂದು ಯೋಚಿಸಿ, ಕ್ಲಿನಿಕ್ಕಿನ ಔಷಧಿ ಬೀರುವಿನ ಕೆಳಗಿನ ಹಲಗೆಯಲ್ಲಿ ಬೋರಲು ಜೋಡಿಸಿದರು. ಮೇಲಿನ ಹಲಗೆಯಲ್ಲಿ ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆಯ ಕಂದು ಬಾಟಲಿ, ಅದಕ್ಕೊಂದು ಸಡಿಲ ಮುಚ್ಚಳ. ಮೂವತ್ತೆಂಟು ವರ್ಷ ಆ ಎಣ್ಣೆಯ ನಡುವೆಯೇ ಕೂತಿದ್ದವರಿಗೆ ಬೀರು ತೆರೆದಾಗ ಅದರ ವಾಸನೆ ಹತ್ತುತ್ತಿರಲಿಲ್ಲ. ಅದೇ ಗ್ಲಾಸನ್ನು ಊಟದ ಕೋಣೆಗೆ ತಂದು, ಮೂಗನ್ನು ಒಳಗಿಳಿಸಿ, ಕಣ್ಣು ಮುಚ್ಚಿದರೆ ಹತ್ತುತ್ತಿತ್ತು.

ಅತ್ತಿಗೆಗೆ ಇದು ಮೊದಲ ಭಾನುವಾರವೇ ಗೊತ್ತಾಗಿತ್ತು. ಖಾಲಿ ಗ್ಲಾಸು ಎತ್ತಿಕೊಂಡು ಬರುವಾಗಲೇ ಘಮ್ಮೆಂದಿತು. ಅವರು ಬಾಗಿಲಲ್ಲಿ ನಿಂತು ಹೇಳಿಯೂ ಹೇಳಿದರು: "ರೀ, ವೈನ್ ಹಾಕೋಕೆ ಮುಂಚೆನೇ ಗ್ಲಾಸಲ್ಲಿ ಲವಂಗ ಇದೆಯಲ್ಲ?" ಡಾಕ್ಟರಿಗೆ ಆಗ ತಾನೇ ಹೊಸ ಹುರುಪು. ಗೆಳೆಯರ ಕಡೆ ತಿರುಗಿ, "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರಲ್ಲ, ಹಂಗಾಯ್ತು" ಎಂದರು. ನಾಲ್ವರೂ ನಕ್ಕರು. ಅತ್ತಿಗೆಯೂ ನಕ್ಕು ಒಳಗೆ ಹೋದರು. ಒಳಗೆ ಹೋದ ಮೇಲೆ ನಗಲಿಲ್ಲ. ಸರಿ, ಕಸ್ತೂರಿ ಇವರದೇ ಇರಲಿ, ಕತ್ತೆ ಇನ್ನು ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿದರು. ಒಂದು ಮಧ್ಯಾಹ್ನದ ಆ ಸಿಟ್ಟು ಹನ್ನೊಂದು ವರ್ಷ ಬಾಳಿತು. ಅವರು ಹಾಕಿಟ್ಟ ಉಪ್ಪಿನಕಾಯಿಯೂ ಅಷ್ಟು ದಿನ ಕೆಡದೆ ಉಳಿದದ್ದಿಲ್ಲ.

ಸಿಟ್ಟಿಗೆ ಇನ್ನೊಂದು ಕಾರಣವೂ ಸೇರಿತು. ಎರಡನೆಯ ತಿಂಗಳೇ ಡಾಕ್ಟರು ಅಡುಗೆಯಲ್ಲಿ ಲವಂಗ ಹಾಕಕೂಡದೆಂದು ಅಪ್ಪಣೆ ಮಾಡಿದರು. ವೈನಿನ ಲವಂಗಕ್ಕೆ ಅಡುಗೆಯ ಲವಂಗ ಅಡ್ಡ ಬರುತ್ತದಂತೆ. ಅತ್ತಿಗೆಯ ತಾಯಿ ಮಾಂಸ ಬೇಯಿಸುವಾಗ ಸಿಪ್ಪೆ ಸುಲಿದ ಈರುಳ್ಳಿಗೆ ಲವಂಗ ಚುಚ್ಚಿ ಪಾತ್ರೆಯೊಳಗೆ ಬಿಡುತ್ತಿದ್ದರು. ಆ ಘಮ ಬಂದರೆ ಭಾನುವಾರ ಎಂದು ಲೆಕ್ಕ. ತಾಯಿಯಿಂದ ಬಂದ ಏಕೈಕ ಅಡುಗೆಯನ್ನು ಅತ್ತಿಗೆ ಗಂಡನ ಮೂಗಿಗಾಗಿ ಬಿಟ್ಟರು.

ಈಗ ಬೀರು ಹೋಯಿತು. ಅದರ ಜೊತೆ ಎಣ್ಣೆಯ ಬಾಟಲಿಯೂ ಹೋಯಿತು. ಗ್ಲಾಸುಗಳು ಬೇರೆ ದಾರಿ ಕಾಣದೆ ಅಡುಗೆಮನೆಯ ಕಪಾಟಿಗೆ ಬಂದವು. ಅತ್ತಿಗೆ ಅವನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ಜೋಡಿಸಿದರು. ಮುಂದಿನ ಕೂಟದ ಭಾನುವಾರ ಡಾಕ್ಟರು ಮೂಗನ್ನು ಒಳಗಿಳಿಸಿದರು, ಕಣ್ಣು ಮುಚ್ಚಿದರು, ಬಹಳ ಹೊತ್ತು ತೆರೆಯಲಿಲ್ಲ.

"ಲವಂಗ ಸ್ವಲ್ಪ ಹಿಂದೆ ನಿಂತಿದೆ" ಎಂದರು.

"ಹೌದು, ಹಿಂದಿದೆ" ಎಂದು ಜಡ್ಜ್ ಸಾಹೇಬರು ಬರೆದುಕೊಂಡರು. ಪ್ರೆಸ್ಸಿನವರು ಜಡ್ಜರ ಪುಸ್ತಕ ನೋಡಿ ಬರೆದರು. ಮೇಷ್ಟ್ರು ಪ್ರೆಸ್ಸಿನವರ ಪುಸ್ತಕ ನೋಡಿ ಬರೆದರು. ಜೀವಮಾನವಿಡೀ ಮಕ್ಕಳ ಕಾಪಿ ಹಿಡಿದವರಿಗೆ ಅದು ಸುಲಭವಾಗೇ ಬಂತು.

ಆ ರಾತ್ರಿ ಊಟಕ್ಕೆ ಕೂತಾಗ ಡಾಕ್ಟರು ತಟ್ಟೆ ನೋಡುತ್ತಾ ಹೇಳಿದರು: "ಮೂಗು ಹೋಯ್ತು ಕಣೆ."

"ಕಾಫಿ ವಾಸನೆ ಬರುತ್ತಾ?"

"ಕಾಫಿ ವಾಸನೆ ಕತ್ತೆಗೂ ಬರುತ್ತೆ. ಸೂಕ್ಷ್ಮ ಹೋಗಿದೆ."

ಕತ್ತೆ ಮತ್ತೆ ಬಂತಲ್ಲ ಎಂದು ಅತ್ತಿಗೆ ಸುಮ್ಮನಾದರು.

ಸುಮ್ಮನಿರಲು ಬಿಡದ ಸಂಗತಿ ಇನ್ನೊಂದಿತ್ತು. ಹನ್ನೊಂದು ವರ್ಷದ ಟಿಪ್ಪಣಿಗಳನ್ನೆಲ್ಲ ಸೇರಿಸಿ, ಮುನ್ನೂರ ತೊಂಬತ್ತಾರು ವೈನುಗಳ ಬಗ್ಗೆ, "ಲವಂಗದ ನೆರಳು" ಎಂಬ ಹೆಸರಿನಲ್ಲಿ ಡಾಕ್ಟರ ಪುಸ್ತಕ ಅಚ್ಚಾಗುವುದರಲ್ಲಿತ್ತು. ಪ್ರೆಸ್ಸಿನವರು ಕರಡು ತಂದು ಮೇಜಿನ ಮೇಲಿಟ್ಟಿದ್ದರು. ಕೊನೆಯ ಪುಟದಲ್ಲಿ ಡಾಕ್ಟರ ಸಹಿಯೊಂದೇ ಬಾಕಿ. ಅವರು ಹಾಕಲಿಲ್ಲ. ಮೂಗಿಲ್ಲದವನು ಮೂಗಿನ ಪುಸ್ತಕಕ್ಕೆ ಸಹಿ ಹಾಕಬಾರದು ಎಂದರು. ಬೆಳಿಗ್ಗೆ ವಾಕಿಂಗ್ ನಿಲ್ಲಿಸಿದರು. ಗಡ್ಡ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಖಾಲಿ ಕ್ಲಿನಿಕ್ಕಿನಲ್ಲಿ, ಕುರ್ಚಿ ಇದ್ದ ಜಾಗದ ನಾಲ್ಕು ತುಕ್ಕಿನ ಗುರುತು ನೋಡುತ್ತಾ ಕೂರತೊಡಗಿದರು. ಮೊದಲು ಕೈ, ಈಗ ಮೂಗು, ನಾಳೆ ಏನು ಹೋಗುತ್ತದೋ ಎಂಬ ಮುಖ.

ಅತ್ತಿಗೆಗೆ ಸಂಕಟವಾಯಿತು. ಸಂಕಟದ ಅಡಿಯಲ್ಲಿ ಒಂದಿಷ್ಟು ಖುಷಿಯೂ ಇತ್ತು, ಆ ಖುಷಿಗೆ ನಾಚಿಕೆಯೂ ಆಯಿತು. ಹೇಳಿಬಿಡುವುದು ಎಷ್ಟು ಹೊತ್ತಿನ ಮಾತು? ಆದರೆ ಹೇಳಿದರೆ ಮೂಗು ಉಳಿಯುತ್ತದೆ, ಪುಸ್ತಕ ಹೋಗುತ್ತದೆ. ಹೇಳದಿದ್ದರೆ ಪುಸ್ತಕ ಉಳಿಯುತ್ತದೆ, ಮೂಗು ಹೋಗುತ್ತದೆ. ಅರವತ್ತೊಂಬತ್ತು ವರ್ಷದ ಮನುಷ್ಯನ ಮುಂದೆ ಇವೆರಡನ್ನೂ ಇಟ್ಟು, ಯಾವುದು ಬೇಕೋ ತಗೊಳ್ಳಿ ಎನ್ನುವುದು ಹೇಗೆ? ಸುಲಭದ ಇನ್ನೊಂದು ದಾರಿಯೂ ಇತ್ತು. ಔಷಧಿ ಅಂಗಡಿಯಿಂದ ಅಂಥದೇ ಕಂದು ಬಾಟಲಿ ತಂದು ಕಪಾಟಿನಲ್ಲಿ ಮುಚ್ಚಳ ಸಡಿಲಿಸಿ ಇಟ್ಟರೆ, ಮುಂದಿನ ಭಾನುವಾರಕ್ಕೆ ಲವಂಗವೂ ಬರುತ್ತದೆ, ಗಂಡನೂ ಬರುತ್ತಾರೆ. ಅತ್ತಿಗೆ ಅಂಗಡಿಗೆ ಹೋದರು. ಬಾಟಲಿ ಕೈಯಲ್ಲಿ ಹಿಡಿದರು. ಆಮೇಲೆ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ಸುಳ್ಳಲ್ಲ, ಇದು ಮಾತ್ರ ಸುಳ್ಳು ಎನ್ನಿಸಿ ವಾಪಸು ಇಟ್ಟರು. ಪಕ್ಕದ ದಿನಸಿ ಅಂಗಡಿಯಲ್ಲಿ ನಾಲ್ಕು ಲವಂಗ ಕೊಂಡು ಬಂದರು.

ಬೀರು ಹೋದ ಮೇಲಿನ ನಾಲ್ಕನೆಯ ಕೂಟದ ಭಾನುವಾರ. ಬೆಳಿಗ್ಗೆ ಏಳಕ್ಕೇ ಅತ್ತಿಗೆ ಕುರಿ ಮಾಂಸ ಒಲೆಗೇರಿಸಿದರು. ತಾಯಿಯಾಗಿದ್ದರೆ ಆರು ಲವಂಗ ಚುಚ್ಚುತ್ತಿದ್ದರು. ಇವರು ಈರುಳ್ಳಿಗೆ ಒಂದೇ ಒಂದು ಚುಚ್ಚಿ, ಮೂರು ಗಂಟೆ ಬೇಯಿಸಿದ ಪಾತ್ರೆಯೊಳಗೆ ಹತ್ತೇ ನಿಮಿಷ ಬಿಟ್ಟು, ಈರುಳ್ಳಿ ಸಮೇತ ಎತ್ತಿ ಬಿಸಾಡಿದರು. ಅಷ್ಟು ಮಾಂಸದಲ್ಲಿ ಒಂದು ಲವಂಗದ ಹತ್ತು ನಿಮಿಷ ಎಂದರೆ ಅದನ್ನು ಹುಡುಕಲು ನಿಜವಾದ ಮೂಗೇ ಬೇಕು. ಸಿಗದಿದ್ದರೆ ಕತೆ ಮುಗಿಯಿತು, ಕಂದು ಬಾಟಲಿಯೇ ಗತಿ.

ನಾಲ್ವರೂ ಕೂತರು. ತೆಳು ವೈನು, ಅಣಬೆ ಆಯಿತು. "ಲವಂಗ ಇದೆ, ಆದರೆ ಮಾತಾಡ್ತಿಲ್ಲ" ಎಂದರು ಜಡ್ಜ್ ಸಾಹೇಬರು. ಎಲ್ಲರೂ ಬರೆದರು. ಡಾಕ್ಟರು ಪೆನ್ಸಿಲು ಮುಟ್ಟಲಿಲ್ಲ. ಗಟ್ಟಿ ವೈನು ಸುರಿದಾಯಿತು. ಅತ್ತಿಗೆ ಮಾಂಸದ ತಟ್ಟೆಗಳನ್ನಿಟ್ಟು ಬಾಗಿಲಲ್ಲಿ ನಿಂತರು.

ಡಾಕ್ಟರು ತುತ್ತನ್ನು ಬಾಯಿಗೆ ಒಯ್ಯುವಾಗ ಅರ್ಧದಲ್ಲಿ ನಿಂತರು. ಫೋರ್ಕನ್ನು ಮೂಗಿನ ಹತ್ತಿರ ತಂದರು. ದೂರ ಮಾಡಿದರು. ಮತ್ತೆ ತಂದರು.

"ಲವಂಗ" ಎಂದರು.

"ವೈನಿನಲ್ಲಾ?" ಎಂದರು ಮೇಷ್ಟ್ರು, ಆಸೆಯಿಂದ.

"ಮಾಂಸದಲ್ಲಿ. ಒಂದೇ ಒಂದು." ಡಾಕ್ಟರು ಹೆಂಡತಿಯನ್ನು ನೋಡಿದರು. "ಹಾಕಿ ತೆಗೆದಿದೀಯ. ಬಹಳ ಹೊತ್ತು ಬಿಟ್ಟಿಲ್ಲ."

"ಹತ್ತು ನಿಮಿಷ" ಎಂದರು ಅತ್ತಿಗೆ. ಈ ಮನುಷ್ಯನ ಬಗ್ಗೆ ಅವರಿಗೆ ಎಂದೂ ಇಷ್ಟು ಹೆಮ್ಮೆಯಾಗಿರಲಿಲ್ಲ. ಆ ಮೂಗು ಯಾವತ್ತೂ ಸುಳ್ಳು ಹೇಳಿರಲಿಲ್ಲ. ಇದ್ದದ್ದನ್ನೇ ಹೇಳುತ್ತಿತ್ತು, ಎಲ್ಲಿದೆ ಎಂದು ಹೇಳಲು ಅದಕ್ಕೆ ಬಾಯಿರಲಿಲ್ಲ ಅಷ್ಟೆ.

ಡಾಕ್ಟರು ವೈನಿನ ಗ್ಲಾಸು ಎತ್ತಿ ಮೂಸಿದರು. ಇಳಿಸಿದರು. ಇನ್ನೂ ಏನೂ ಸುರಿಯದ ಪೋರ್ಟಿನ ಗ್ಲಾಸು ಎತ್ತಿ ಮೂಸಿದರು.

"ಈ ಗ್ಲಾಸು ಈಗ ಎಲ್ಲಿಡ್ತೀಯ?"

"ಅಡುಗೆಮನೆ ಕಪಾಟಲ್ಲಿ."

"ಮುಂಚೆ?"

"ನಿಮ್ಮ ಬೀರುವಲ್ಲಿ. ಕೆಳಗಿನ ಹಲಗೆ."

ಡಾಕ್ಟರು ಮೇಲಿನ ಹಲಗೆಯನ್ನು ನೆನಪಿಸಿಕೊಳ್ಳುತ್ತಿರುವುದು ಅತ್ತಿಗೆಗೆ ಕಾಣುತ್ತಿತ್ತು. ಅವರ ಕಣ್ಣು ಎಡದಿಂದ ಬಲಕ್ಕೆ, ಬಾಟಲಿಯಿಂದ ಬಾಟಲಿಗೆ ಹೋಗಿ ಒಂದು ಕಡೆ ನಿಂತಿತು. ಆಮೇಲೆ ಅವರು ಗೆಳೆಯರ ಕಡೆ ತಿರುಗಿದರು.

"ನಾನೊಂದು ವಿಷಯ ಹೇಳಬೇಕು. ಈ ನಾಲ್ಕು ಕೂಟದಲ್ಲೂ ನಂಗೆ ವೈನಲ್ಲಿ ಲವಂಗ ಸಿಕ್ಕಿಲ್ಲ. ಬರೆದದ್ದೆಲ್ಲ ಸುಳ್ಳು."

ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು.

"ನಂಗೂ ಇಲ್ಲ" ಎಂದರು.

"ನಾನು ಮೂಗಿನ ಡಾಕ್ಟರಿಗೆ ತೋರಿಸಿ ಬಂದೆ. ಏನೂ ಇಲ್ಲ ಅಂದ್ರು" ಎಂದರು ಪ್ರೆಸ್ಸಿನವರು.

"ನಾನು ಸಿಗರೇಟು ಬಿಟ್ಟೆ" ಎಂದರು ಮೇಷ್ಟ್ರು, ಎಲ್ಲರಿಗಿಂತ ನೊಂದ ದನಿಯಲ್ಲಿ. "ನಲವತ್ತು ವರ್ಷದ್ದು. ಸುಮ್ಮನೆ ಬಿಟ್ಟೆ."

ಎದೆಯ ಮೇಲಿನ ಚಪ್ಪಡಿ ಇಳಿದಂತೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಜಡ್ಜ್ ಸಾಹೇಬರು ಕೈಯೆತ್ತಿ ಸುಮ್ಮನಾಗಿಸಿದರು. ಮೂವತ್ತು ವರ್ಷ ಕೂತ ಪೀಠ ಬಿಟ್ಟರೂ ಕೈಯ ಅಭ್ಯಾಸ ಬಿಟ್ಟಿರಲಿಲ್ಲ.

"ನಾಲ್ಕು ಜನ ಸಾಕ್ಷಿ, ಒಂದೇ ಹೇಳಿಕೆ. ನಾಲ್ಕೂ ಮೂಗು ಒಂದೇ ತಿಂಗಳು ಕೆಡೋಕೆ ಸಾಧ್ಯ ಇಲ್ಲ. ಅಂದಮೇಲೆ ಅಪರಾಧಿ ಮೂಗಲ್ಲ. ವೈನು."

"ಪೀಪಾಯಿ" ಎಂದರು ಪ್ರೆಸ್ಸಿನವರು ಕೂಡಲೇ. "ಈಗ ಎಲ್ಲಿ ಹಳೇ ಕಾಲದ ಮರ ಸಿಗುತ್ತೆ? ಎಲ್ಲ ಅವಸರ."

"ಹಾಗಾದರೆ ಲವಂಗದ ಕಾಲ ಮುಗೀತು" ಎಂದರು ಮೇಷ್ಟ್ರು. "ಡಾಕ್ಟ್ರೇ, ನಿಮ್ಮ ಪುಸ್ತಕ ಈಗ ಇತಿಹಾಸ. ಬೇಗ ಸಹಿ ಹಾಕಿ."

ಬೀರು, ಹಲಗೆ, ಕಪಾಟು ಎಲ್ಲವೂ ಅವರ ಕಿವಿಗೆ ಬಿದ್ದಿದ್ದವು. ಆದರೆ ಹೆಂಗಸರು ಪಾತ್ರೆ ಎಲ್ಲಿಡುತ್ತಾರೆ ಎಂಬ ಮಾತು ರಸಜ್ಞರ ತಲೆಗೆ ಇಳಿಯುವ ವಿಷಯವಲ್ಲ. ಅತ್ತಿಗೆ ಗಂಡನ ಬಾಯನ್ನೇ ನೋಡುತ್ತಿದ್ದರು. ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ.

"ಇರಬಹುದು" ಎಂದರು ಡಾಕ್ಟರು. ತಟ್ಟೆ ಮುಂದೆ ಚಾಚಿದರು. "ಇನ್ನೊಂದು ಚೂರು ಮಾಂಸ ಹಾಕು."

ಅತ್ತಿಗೆ ಹಾಕಿದರು. ಮಾಂಸ ಬಡಿಸಿದ ಸದ್ದಿಗೆ ಮೇಷ್ಟ್ರು ತಲೆಯೆತ್ತಿ ನೋಡಿದರು. ಮೂಗೂ ಉಳಿಯಿತು, ಪುಸ್ತಕವೂ ಉಳಿಯಿತು, ನೀರಿನಲ್ಲಿ ಹೋಮವಾದದ್ದು ತನ್ನ ಹನ್ನೊಂದು ವರ್ಷವೊಂದೇ ಎಂದುಕೊಳ್ಳುತ್ತಾ ಅತ್ತಿಗೆ ಒಳಗೆ ಹೋದರು. ಹೊರಗೆ ಪೋರ್ಟು ಸುರಿದ ಸದ್ದು, ಚೀಸಿನ ಬಗ್ಗೆ ಚರ್ಚೆ, ಇನ್ನು ಮುಂದೆ ವೈನಿನಲ್ಲಿ ಲವಂಗವಿಲ್ಲದ ಕಾರಣ ಅಡುಗೆಯಲ್ಲಿ ಹಾಕತಕ್ಕದ್ದು ಎಂಬ ಠರಾವು. ಅದನ್ನು ಜಡ್ಜ್ ಸಾಹೇಬರು ಸೂಚಿಸಿದರು, ಪ್ರೆಸ್ಸಿನವರು ಅನುಮೋದಿಸಿದರು. ಒಂದೂವರೆಗೆ ಮೂವರೂ ಹಗುರಾಗಿ ಎದ್ದು ಹೋದರು. ಮೇಷ್ಟ್ರು ಗೇಟಿನ ಹೊರಗೆ ನಿಂತು ಒಂದು ಸಿಗರೇಟು ಹಚ್ಚಿದರು.

ಅತ್ತಿಗೆ ಬಟ್ಟಲುಗಳನ್ನು ತಿಕ್ಕುತ್ತಿದ್ದಾಗ ಡಾಕ್ಟರು ಅಡುಗೆಮನೆಗೆ ಬಂದರು. ಮೊಳೆಗೆ ನೇತುಹಾಕಿದ್ದ ಬಟ್ಟೆ ತೆಗೆದು, ತೊಳೆದಿಟ್ಟ ಗ್ಲಾಸನ್ನು ಒರೆಸತೊಡಗಿದರು. ಈ ಮನೆಯಲ್ಲಿ ಹಿಂದೆಂದೂ ನಡೆಯದ ಸಂಗತಿ. ಕೈ ನಡುಗಿ ಗಾಜು ನಲ್ಲಿಗೆ ತಾಗಿ ಟಿಂಗೆಂದಿತು.

"ಒಡೀತೀರಿ. ಬಿಡಿ" ಎಂದರು ಅತ್ತಿಗೆ.

"ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಮೊದಲನೇ ಭಾನುವಾರದಿಂದ."

"ಹೇಳೋದಲ್ವಾ?" ಎಂದವರು, ಗ್ಲಾಸು ಒರೆಸುವುದನ್ನು ನಿಲ್ಲಿಸಿದರು. ನೆನಪು ಮುಖದ ಮೇಲೆ ನಿಧಾನಕ್ಕೆ ಬಂತು. "ಹೇಳಿದ್ದೆ ನೀನು. ಬಾಗಿಲಲ್ಲಿ ನಿಂತು ಹೇಳಿದ್ದೆ. ನಾನು ಕತ್ತೆ ಅಂದೆ."

"ಅಂದ್ರಿ."

"ಅವರೆಲ್ಲ ನಕ್ಕರು."

"ನೀವೂ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಡಾಕ್ಟರು ಅದನ್ನು ಬಿಗಿಯಾಗಿ ತಿರುಗಿಸಿದರು. ಕ್ಷಮಿಸು ಎನ್ನುವ ಮಾತು ಅವರ ಬಾಯಿಗೆ ಹೊಸದು, ಅದು ಬರಲಿಲ್ಲ.

"ಪೀಪಾಯಿ ಅಂತ ಒಪ್ಪಿಕೊಂಡ್ರಿ" ಎಂದರು ಅತ್ತಿಗೆ. ಸಿಟ್ಟು ಇನ್ನೂ ದನಿಯಲ್ಲಿತ್ತು.

"ಅವರದು ಅವರಿಗಿರಲಿ. ಮೇಷ್ಟ್ರು ಎಷ್ಟು ಒದ್ದಾಡಿದ್ರು ಪಾಪ. ನನ್ನದು ನಾನು ನೋಡ್ಕೋತೀನಿ." ಅವರು ಹೊರಗೆ ಹೋಗಿ ಕರಡಿನ ಕಟ್ಟು ತಂದು ಅಡುಗೆಮನೆಯ ಮೇಜಿನ ಮೇಲೆ ಹಾಕಿದರು. ಮೊದಲ ಪುಟದ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಕೈ ನಡುಗಿದ್ದರಿಂದ ಗೆರೆ ಅಂಕುಡೊಂಕಾಯಿತು. "ಪ್ರೆಸ್ಸಿನವರಿಗೆ ಸ್ವಲ್ಪ ತಿದ್ದುಪಡಿ ಇದೆ ಅಂತೀನಿ."

"ಎಷ್ಟು?"

"ಮುನ್ನೂರ ತೊಂಬತ್ತಾರು."

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ತಡೆಯಲೂ ಇಲ್ಲ.

"ತಿಂಗಳಿಗೆ ಮೂರು ಅಂದ್ರೆ ಮತ್ತೆ ಹನ್ನೊಂದು ವರ್ಷ" ಎಂದರು ಡಾಕ್ಟರು. "ಎಂಬತ್ತಾಗಿರುತ್ತೆ ನಂಗೆ."

"ಉಗುಳೋ ಬಟ್ಟಲು ಗಟ್ಟಿಯಾಗಿವೆ. ಬಾಳಿಕೆ ಬರ್ತವೆ."

ಬಾಟಲಿಯ ತಳದಲ್ಲಿ ಎರಡು ಬೆರಳಷ್ಟು ಪೋರ್ಟು ಉಳಿದಿತ್ತು. ಡಾಕ್ಟರು ಒರೆಸಿದ ಗ್ಲಾಸಿಗೆ ಅದನ್ನು ಸುರಿದು ಹೆಂಡತಿಯ ಮುಂದಿಟ್ಟರು. ಪಕ್ಕದಲ್ಲಿ ಒಂದು ಚೂರು ಚೀಸು, ಎರಡು ಅಕ್ರೋಟು. ಎದುರಿಗೆ ಕೂತು, ಹಾಳೆ ತಿರುಗಿಸಿ, ಖಾಲಿ ಬದಿಯಲ್ಲಿ ಒಂದು ಎಂದು ಬರೆದರು.

"ಹೇಳು."

"ನಂಗೇನು ಗೊತ್ತು?"

"ಗೊತ್ತಿದ್ದಕ್ಕೇ ಕೇಳ್ತಿರೋದು."

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಗ್ಲಾಸು ಹಿಡಿದರು. ಹನ್ನೊಂದು ವರ್ಷ ತೊಳೆದ ಗ್ಲಾಸು, ತುಂಬಿದ ಮೇಲೆ ಬೇರೆಯೇ ತೂಕವಿತ್ತು. ಮೂಗನ್ನು ಒಳಗಿಳಿಸಿದರು. ಕಣ್ಣು ಮುಚ್ಚಲಿಲ್ಲ.

"ಒಣದ್ರಾಕ್ಷಿ" ಎಂದರು. "ಸಕ್ಕರೆ ಕರಗಿಸೋವಾಗ ಕೆಂಪಾಗುತ್ತಲ್ಲ, ಕಪ್ಪಾಗೋಕೆ ಸ್ವಲ್ಪ ಮುಂಚೆ, ಅದು. ಅಕ್ರೋಟಿನ ಸಿಪ್ಪೆ."

ಡಾಕ್ಟರು ಸರಸರ ಬರೆದುಕೊಳ್ಳುತ್ತಿದ್ದರು.

"ಆಮೇಲೆ ಒದ್ದೆ ಬಟ್ಟೆ."

ಅವರು ಅದನ್ನೂ ಬರೆದರು.

"ಅದು ಬರೀಬೇಡಿ" ಎಂದರು ಅತ್ತಿಗೆ. "ಅದು ನೀವು ಒರೆಸಿದ್ದು."